ವಿಜ್ಞಾನದ ತರಗತಿಯಲ್ಲಿ ಮರುಪ್ರಶ್ನೆ

೨೦೧೬ರ ಮಾರ್ಚಿಯಲ್ಲಿ ಹಲಸೂರು ಕೆರೆಯ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದುದನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ಕೊಳಚೆ ಸೇರಿ ನೀರಿನಲ್ಲಿ ಆಮ್ಲಜನಕವು ಕುಂದಿತೆಂಬುದು ಆಗ ಕೇಳಿಬಂದ ಮುಖ್ಯ ಕಾರಣ. ಹತ್ತನೆಯ ತರಗತಿಯ ಜಾಣ ಹುಡುಗನನ್ನು ಕೇಳಿದರೆ ಇದೇ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸುವನು. "ಅದು ನಿನಗೆ ಹೇಗೆ ತಿಳಿಯಿತು?" ಎಂದು ಮರುಪ್ರಶ್ನೆ ಹಾಕಿದೊಡನೆ ಮೌನ! ಪ್ರಕೃತ ನಮ್ಮನ್ನು ಚಿಂತೆಗೀಡುಮಾಡಿರುವುದು ಈ ಮೌನವೇ.

ಉಪಾಧ್ಯಾಯರು ಮನಸ್ಸು ಮಾಡಿದಲ್ಲಿ ಈ ಒಂದು ಕೆರೆಯಿಂದಲೇ ವಾರವೆಲ್ಲ ಪಾಠ ನಡೆಯುವುದು. ಒಬ್ಬ ಹುಡುಗನು ಬಿಸಿಲೇ ಕಾರಣವೆನ್ನಲಿ. ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಲೀಟರು ನೀರು ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದು. ೩೦ ಡಿಗ್ರಿಯಲ್ಲಿ ಏಳೂವರೆಯಷ್ಟು ಮಾತ್ರ. ಆದಕಾರಣ ಅವನ ಮಾತು ಹುರುಳಿಲ್ಲದ್ದಲ್ಲ. ಅದೇ ಬಿಸಿಲು ಬಿದ್ದ ಬೇರೆ ಕೆರೆಯ ಮೀನು ಬದುಕಿದ್ದರೆ ಏನೆನ್ನುವೆ ಎಂದು ಪಕ್ಕದ ಹುಡುಗಿ ಕೇಳಲಿ. ಮೂರನೆಯವನು ವಿಷವೆನ್ನಬಹುದು. ರಾತ್ರಿಯಲ್ಲಿ ಪಾಚಿಯೂ ಆಮ್ಲಜನಕವನ್ನು ಬಳಸುವುದೇ ಹೊರತು ಕೊಡಲಾರದು. ಹಾಗಾದರೆ ನೀರನ್ನು ಯಾವ ಹೊತ್ತಿನಲ್ಲಿ ಪರೀಕ್ಷಿಸಿದರೆ ಈ ವಿವಾದ ತೀರುವುದೆಂಬುದನ್ನು ಮಕ್ಕಳೇ ನಿರ್ಧರಿಸಲಿ.

ವಾದಕ್ಕೆ ಭಾಷೆ ಬೇಕು. ದಂಡಿನ ಈ ಭಾಗದಲ್ಲಿ ಮಕ್ಕಳು ಮನೆಯಲ್ಲಿ ಆಡುವುದು ತಮಿಳೋ ಉರ್ದುವೋ ತೆಲುಗೋ ಕನ್ನಡವೋ. ತರಗತಿಯಲ್ಲಿ ಬಹುಪಾಲು ಇಂಗ್ಲಿಷು. ೨೦೧೯ರಲ್ಲಿ ಸರ್ಕಾರದವರು ಸಾವಿರ ಸರ್ಕಾರಿ ಶಾಲೆಗಳಿಗೂ ಇಂಗ್ಲಿಷ್ ಮಾಧ್ಯಮವನ್ನು ತಂದರು. ಅರ್ಥವಾಗದ ಭಾಷೆಯಲ್ಲಿಯೂ ಕಂಠಪಾಠ ಮಾಡಬಹುದು, ಆಕ್ಷೇಪವೆತ್ತಲಾಗದು. ಮಗುವು ತನಗೆ ಬಂದ ಮಾತಿನಲ್ಲಿ ಮೊದಲು ತರ್ಕಿಸಲಿ, ಪರಿಭಾಷೆ ಆಮೇಲೆ ಬಂದೀತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ೧೯೧೮ರಲ್ಲಿಯೇ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ವಿವರಿಸಬಹುದೆಂದು ತೋರಿಸಿಕೊಟ್ಟರು. ಪಂಡಿತರು ವಿವರಿಸಿದುದಾಯಿತು, ಮಕ್ಕಳಿಂದ ವಿವರಿಸಿಸುವ ಕೆಲಸ ಹಾಗೆಯೇ ಉಳಿದಿದೆ.

ತಪ್ಪನ್ನು ಉಪಾಧ್ಯಾಯರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಪಾಠಗಳನ್ನು ಮುಗಿಸುವ ಆತುರವನ್ನು ಅವರಿಗೆ ಅಂಟಿಸಿದುದು ಪರೀಕ್ಷೆ. ಎಸ್.ಎಸ್.ಎಲ್.ಸಿ. ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ ೮೦ ಅಂಕಗಳು, ಆಂತರಿಕ ಮೌಲ್ಯಮಾಪನಕ್ಕೆ ೨೦. ಈ ಇಪ್ಪತ್ತರಲ್ಲಿ ಐದನ್ನಾದರೂ ಶಿಕ್ಷಣ ಇಲಾಖೆಯವರು ತರಗತಿಯ ವಾದಕ್ಕೆ ಮೀಸಲಿಡಬೇಕೆಂದು ನಾವು ಸೂಚಿಸುತ್ತೇವೆ. ಇದಕ್ಕೆ ಪ್ರಯೋಗಶಾಲೆಯೂ ಬೇಡ, ಹೊಸ ಕಟ್ಟಡವೂ ಬೇಡ. ಗೆದ್ದವನಿಗೇ ಅಂಕಗಳು ಸಲ್ಲಬೇಕಾದುದಿಲ್ಲ. ಆಧಾರವನ್ನು ತಂದವನಿಗೂ, ಎದುರಾಳಿಯ ಆಧಾರವನ್ನು ಕಂಡು ತನ್ನ ಮಾತನ್ನು ತಿದ್ದಿಕೊಂಡವನಿಗೂ ಸಲ್ಲಲಿ.