ವಿಶ್ವವಿದ್ಯಾಲಯವೆಂಬ ಹೆಸರಿಗಾಗಿ ಹೊಲ ಮಾರಬೇಕೆ?

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದು ಸಾಮಾನ್ಯ ಪ್ರವೇಶ ಪರೀಕ್ಷೆಯ ರ‍್ಯಾಂಕುಗಳು ಪ್ರಕಟವಾದ ಬಳಿಕ ನಾಡಿನ ಮಠಗಳಿಗೆ ಒಂದು ವಿಶೇಷ ವರ್ಗದ ಭಕ್ತರು ಬರತೊಡಗುತ್ತಾರೆ. ಒಂದು ಕೈಯಲ್ಲಿ ಮಗನ ಅಥವಾ ಮಗಳ ಅಂಕಪಟ್ಟಿ, ಇನ್ನೊಂದು ಕೈಯಲ್ಲಿ ಬಣ್ಣಬಣ್ಣದ ಪರಿಚಯ ಪುಸ್ತಿಕೆಗಳು. "ಅಪ್ಪಾವರ, ಬಾಗಲಕೋಟ್ಯಾಗ ಸೀಟು ಸಿಗತೈತ್ರಿ, ಆದರ ಅದು ಬರೇ ಕಾಲೇಜು. ಬೆಂಗಳೂರಾಗ ಯುನಿವರ್ಸಿಟಿನ ಸಿಗತೈತಿ. ಎರಡು ಎಕರೆ ಹೋದರೂ ಹೋಗಲಿ" ಎಂಬ ಮಾತು ಈಗ ನಮ್ಮ ಕಿವಿಗೆ ಹೊಸದಲ್ಲ. ಪ್ರಶ್ನೆ ಕೇಳುವ ಮೊದಲೇ ಉತ್ತರವನ್ನು ನಿಶ್ಚಯಿಸಿಕೊಂಡು ಬಂದವರಿಗೆ ಸಲಹೆ ಹೇಳುವುದು ಕಷ್ಟ. ಆದರೂ "ಬರೇ ಕಾಲೇಜು" ಎಂಬ ಆ ತಾತ್ಸಾರದ ನುಡಿಯನ್ನು ಇಲ್ಲಿ ಸ್ವಲ್ಪ ಪರೀಕ್ಷೆಗೆ ಒಡ್ಡಬೇಕೆಂದು ನಾವು ಬಯಸಿದ್ದೇವೆ. ಏಕೆಂದರೆ ಆ ಒಂದು ನುಡಿಯ ಬೆಲೆ ಎರಡು ಎಕರೆ ಎಂದು ಅವರೇ ಹೇಳಿದ್ದಾರೆ.

ಐವತ್ತು ವರ್ಷಗಳ ಹಿಂದೆ ಇಂಥ ಪ್ರಶ್ನೆಯೇ ಉದ್ಭವಿಸುತ್ತಿರಲಿಲ್ಲ. ವಿಶ್ವವಿದ್ಯಾಲಯವನ್ನು ವಿದ್ಯಾರ್ಥಿಯು ಆರಿಸುತ್ತಿರಲಿಲ್ಲ, ಅವನು ಸೇರಿದ ಕಾಲೇಜಿನ ಜಿಲ್ಲೆಯೇ ಅದನ್ನು ನಿರ್ಣಯಿಸುತ್ತಿತ್ತು. 1947ರಲ್ಲಿ ಕೆ.ಎಲ್.ಇ. ಸಂಸ್ಥೆಯವರು ಹುಬ್ಬಳ್ಳಿಯಲ್ಲಿ ಆರಂಭಿಸಿದ ಭೂಮರಡ್ಡಿ ಕಾಲೇಜು, 1963ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದವರು ಬಾಗಲಕೋಟೆಯಲ್ಲಿ ಕಟ್ಟಿದ ಕಾಲೇಜು, ಇವೆರಡೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1958ರಲ್ಲಿ ಹುಟ್ಟಿದ ಕಲಬುರಗಿಯ ಪಿ.ಡಿ.ಎ. ಕಾಲೇಜು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂದಿತು. ತುಮಕೂರಿನಲ್ಲಿ ಸಿದ್ಧಗಂಗೆಯ ಪೂಜ್ಯರೂ ಮೈಸೂರಿನಲ್ಲಿ ಸುತ್ತೂರು ಮಠದ ಪೂಜ್ಯರೂ ಅದೇ 1963ರಲ್ಲಿ ತಾಂತ್ರಿಕ ಶಿಕ್ಷಣಕ್ಕೆ ಕೈ ಹಾಕಿದರು. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿ ಉಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದು ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳನ್ನು ಒಂದೇ ಛತ್ರದಡಿ ತಂದಿತು. ಆ ಕಾಲೇಜುಗಳಿಂದ ಹೊರಬಂದವರು ಕಾಲುವೆ ತೋಡಿದರು, ವಿದ್ಯುತ್ ಕೇಂದ್ರ ನಡೆಸಿದರು, ಹೊರದೇಶಗಳಿಗೂ ಹೋದರು. ಅವರ ಪದವಿಪತ್ರದ ಮೇಲೆ ಯಾವ ಊರಿನ ಮುದ್ರೆ ಇದೆ ಎಂದು ಕೇಳಿದವರನ್ನು ನಾವು ಕಂಡಿಲ್ಲ.

ಹೆಸರು ಬದಲಾಯಿಸುವ ಉತ್ಸಾಹ ಕಳೆದ ಹತ್ತು ಹನ್ನೆರಡು ವರ್ಷಗಳದು. ಹುಬ್ಬಳ್ಳಿಯ ಕಾಲೇಜು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು, 2016ರಲ್ಲಿ ಮೈಸೂರಿನ ಕಾಲೇಜು ಜೆ.ಎಸ್.ಎಸ್. ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವಾಯಿತು, 2017ರಲ್ಲಿ ಕಲಬುರಗಿಯಲ್ಲಿ ಶರಣಬಸವ ವಿಶ್ವವಿದ್ಯಾಲಯ ಬಂದಿತು. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಕಾಲೇಜಿಗೂ 2021ರ ಕಾಯ್ದೆಯಿಂದ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಇವುಗಳಲ್ಲಿ ಹಲವು ದೀರ್ಘಕಾಲ ಹೆಸರು ಗಳಿಸಿ ಆ ಸ್ಥಾನಕ್ಕೆ ಏರಿದವು. ಅವುಗಳ ಬೆನ್ನಿಗೆ, ನಿನ್ನೆ ಮೊನ್ನೆ ಗೋಡೆ ಎದ್ದ ಸಂಸ್ಥೆಗಳೂ ತಮ್ಮದೇ ಒಂದೊಂದು ಕಾಯ್ದೆಯ ಬಲದಿಂದ ಅದೇ ಹೆಸರನ್ನು ಹೊತ್ತು ನಿಂತಿವೆ. ಭಕ್ತನಿಗೆ ಎರಡೂ ಒಂದೇ ಫಲಕ.

ಹಾಗಾದರೆ ವ್ಯತ್ಯಾಸವೆಲ್ಲಿದೆ? ಪಾಲಕರು ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು: ನನ್ನ ಮಗನ ಪ್ರಶ್ನೆಪತ್ರಿಕೆಯನ್ನು ತೆಗೆಯುವವರಾರು, ಉತ್ತರಪತ್ರಿಕೆಯನ್ನು ತಿದ್ದುವವರಾರು? ಸಂಲಗ್ನ ಕಾಲೇಜಿನಲ್ಲಿ ಪಾಠ ಹೇಳುವವರು ಒಬ್ಬರು, ಸೆಮಿಸ್ಟರಿನ ಕೊನೆಯ ಪರೀಕ್ಷೆಯನ್ನು ನಡೆಸುವುದು ಬೆಳಗಾವಿಯ ವಿಶ್ವವಿದ್ಯಾಲಯ. ಬಾಗಲಕೋಟೆ, ತುಮಕೂರುಗಳಂಥ ಸ್ವಾಯತ್ತ ಕಾಲೇಜುಗಳಲ್ಲಿ ಪಠ್ಯಕ್ರಮವೂ ಪರೀಕ್ಷೆಯೂ ಕಾಲೇಜಿನವೇ, ಪದವಿ ಮಾತ್ರ ಬೆಳಗಾವಿಯದು. ಖಾಸಗಿ ವಿಶ್ವವಿದ್ಯಾಲಯದಲ್ಲಾದರೋ ಬೋಧನೆ, ಪರೀಕ್ಷೆ, ಮೌಲ್ಯಮಾಪನ, ಪದವಿದಾನ, ಶುಲ್ಕ ವಸೂಲಿ ಎಲ್ಲವೂ ಒಂದೇ ಮನೆಯ ವ್ಯವಹಾರ. ಮೇಲಾಗಿ, ವಿಶ್ವವಿದ್ಯಾಲಯಗಳು ತಾಂತ್ರಿಕ ಕೋರ್ಸುಗಳನ್ನು ಆರಂಭಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಪೂರ್ವಾನುಮತಿ ಬೇಕಿಲ್ಲವೆಂದು 2001ರಲ್ಲಿ ಭಾರತಿದಾಸನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಕಾಲೇಜಿಗೆ ಮಾತ್ರ ಆ ಅನುಮತಿ ಬೇಕೇ ಬೇಕು. ಅಂದರೆ "ಬರೇ ಕಾಲೇಜು" ಎಂದು ಯಾವುದನ್ನು ಹೀಗಳೆಯುತ್ತೀರೋ ಅದರ ಮೇಲೆ ಹೊರಗಿನವರ ಕಣ್ಣು ಹೆಚ್ಚು. ಯಾವುದನ್ನು ಹೊಗಳುತ್ತೀರೋ ಅದು ತನ್ನ ಮನಸ್ಸಾಕ್ಷಿಗೆ ಬಿಟ್ಟದ್ದು.

ನಮ್ಮ ಪರಂಪರೆಯ ಪಾಠಶಾಲೆಗಳಲ್ಲಿ ಗುರುವೇ ಬೋಧಿಸಿ ಗುರುವೇ ಪರೀಕ್ಷಿಸುತ್ತಿದ್ದನಲ್ಲವೇ ಎಂದು ಕೆಲವರು ಕೇಳುವುದುಂಟು. ನಿಜ. ಆದರೆ ಆ ಶಿಷ್ಯನಿಗೆ ಪಂಡಿತನೆಂಬ ಹೆಸರು ಬರುತ್ತಿದ್ದುದು ವಾಕ್ಯಾರ್ಥ ಸಭೆಯಲ್ಲಿ, ಅನ್ಯಗುರುಗಳ ಶಿಷ್ಯರೆದುರು ನಿಂತು ಉತ್ತರ ಹೇಳಿದ ಮೇಲೆ. ತನ್ನ ಮನೆಯ ತಕ್ಕಡಿಯಲ್ಲಿ ತನ್ನ ಬೆಲ್ಲವನ್ನು ತೂಗಿ ಸಾಕ್ಷಿ ಬೇಡವೆನ್ನುವುದು ಪಾಠಶಾಲೆಯ ಪದ್ಧತಿಯಾಗಿರಲಿಲ್ಲ.

ಪ್ರತಿಪಕ್ಷದ ವಾದವನ್ನೂ ಕೇಳಬೇಕು. ಇನ್ನೂರಕ್ಕೂ ಹೆಚ್ಚು ಕಾಲೇಜುಗಳಿಗೆ ಒಂದೇ ಪಠ್ಯಕ್ರಮವೆಂದರೆ ಅದು ಬೇಗ ಬದಲಾಗದು, ಫಲಿತಾಂಶ ತಡವಾಗುವುದುಂಟು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಾಯಿಪಾಠ ಮಾಡಿ ದಾಟಿದವರೂ ಉಂಟು. ಒಳ್ಳೆಯ ಪ್ರಾಧ್ಯಾಪಕರಿರುವ ವಿಶ್ವವಿದ್ಯಾಲಯವು ತನ್ನ ಸ್ವಾತಂತ್ರ್ಯವನ್ನು ಬಳಸಿ ಮೂರು ವರ್ಷಗಳಲ್ಲಿ ಮಾಡಬಲ್ಲ ಸುಧಾರಣೆಯನ್ನು ಸಂಲಗ್ನ ಪದ್ಧತಿ ಹತ್ತು ವರ್ಷಗಳಲ್ಲೂ ಮಾಡಲಾರದು. ಇದೆಲ್ಲ ಒಪ್ಪತಕ್ಕದ್ದೇ. ಆದರೆ ಈ ವಾದದ ಜೀವಾಳ "ಒಳ್ಳೆಯ ಪ್ರಾಧ್ಯಾಪಕರಿರುವ" ಎಂಬ ವಿಶೇಷಣದಲ್ಲಿದೆಯೇ ಹೊರತು "ವಿಶ್ವವಿದ್ಯಾಲಯ" ಎಂಬ ನಾಮಪದದಲ್ಲಿಲ್ಲ.

ಆ ಪ್ರಾಧ್ಯಾಪಕರನ್ನು ಎಣಿಸಿ ನೋಡಿ ಎಂಬುದೇ ನಮ್ಮ ಮಾತು. ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕನಿರಬೇಕೆಂಬುದು ತಾಂತ್ರಿಕ ಶಿಕ್ಷಣ ಪರಿಷತ್ತಿನ ಮಾನದಂಡ. ಕೆಲ ವರ್ಷಗಳ ಹಿಂದೆ ಹದಿನೈದಕ್ಕೆ ಒಬ್ಬನಿರಬೇಕಾಗಿತ್ತು, ಅದನ್ನೂ ಸಡಿಲಿಸಿದರು. ವರ್ಷಕ್ಕೆ 60 ಮಂದಿಯನ್ನು ಸೇರಿಸಿಕೊಳ್ಳುವ ವಿಭಾಗದಲ್ಲಿ ನಾಲ್ಕು ವರ್ಷಗಳಿಗೆ 240 ವಿದ್ಯಾರ್ಥಿಗಳು, 12 ಅಧ್ಯಾಪಕರು. ವರ್ಷಕ್ಕೆ 600 ಮಂದಿಯನ್ನು ಕಂಪ್ಯೂಟರ್ ಸೈನ್ಸಿಗೆ ಸೇರಿಸಿಕೊಂಡರೆ 2400 ವಿದ್ಯಾರ್ಥಿಗಳು, 120 ಅಧ್ಯಾಪಕರು ಬೇಕು. ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂಬ ಮೇಲ್ಮಿತಿಯನ್ನು ಪರಿಷತ್ತು 2024-25ರಿಂದ ಸುಸ್ಥಿತಿಯ ಸಂಸ್ಥೆಗಳಿಗೆ ತೆಗೆದುಹಾಕಿದ ಬಳಿಕ ಇಂಥ ಸಂಖ್ಯೆಗಳು ಕಲ್ಪನೆಯವಲ್ಲ. ವಿಷಯ ಬಲ್ಲ ನೂರಿಪ್ಪತ್ತು ಮಂದಿಯನ್ನು ಒಂದೇ ಬೇಸಿಗೆಯಲ್ಲಿ ಎಲ್ಲಿಂದ ತರುತ್ತಾರೆ? ನಿನ್ನೆ ಎಂ.ಟೆಕ್. ಮುಗಿಸಿದ, ಬೇರೆಡೆ ಕೆಲಸ ಸಿಗುವ ತನಕ ಕಾಯುತ್ತಿರುವ ಹುಡುಗನನ್ನು ತಂದು ನಿಲ್ಲಿಸುತ್ತಾರೆ. ಆ ಬಡಪಾಯಿಯನ್ನು ನಾವು ದೂರುವುದಿಲ್ಲ. ಅವನ ಸಂಬಳ ಎಷ್ಟೆಂದು ಕೇಳಿದರೆ ದೂರುವ ಮನಸ್ಸೂ ಬಾರದು.

ಅಧ್ಯಾಪಕರ ಹೆಸರು, ವಿದ್ಯಾರ್ಹತೆಗಳನ್ನು ಪ್ರಕಟಿಸುವುದು ಪರಿಷತ್ತಿನ ಅನುಮೋದನೆ ಪಡೆದ ಕಾಲೇಜಿಗೆ ಕಡ್ಡಾಯ. ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್.ಬಿ.ಎ., ಮಾನ್ಯತೆ ಕೊಡುವುದು ಸಂಸ್ಥೆಗಲ್ಲ, ಒಂದೊಂದು ವಿಭಾಗಕ್ಕೆ, ಅದೂ ಮೂರು ಅಥವಾ ಆರು ವರ್ಷಗಳ ಅವಧಿಗೆ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ರಾಷ್ಟ್ರವಾದ ಮೇಲೆ ಈ ಮಾನ್ಯತೆಗೆ ಹೊರದೇಶಗಳಲ್ಲೂ ಬೆಲೆ ಬಂದಿದೆ. ಒಂದೇ ಆವರಣದಲ್ಲಿ ಮೆಕ್ಯಾನಿಕಲ್ ವಿಭಾಗಕ್ಕೆ ಮಾನ್ಯತೆಯಿದ್ದು, ಹೊಸದಾಗಿ ತೆರೆದ ಕೃತಕ ಬುದ್ಧಿಮತ್ತೆಯ ವಿಭಾಗಕ್ಕೆ ಇಲ್ಲದಿರಬಹುದು. ಪುಸ್ತಿಕೆಯಲ್ಲಿ ಮಾತ್ರ "ಎನ್.ಬಿ.ಎ. ಮಾನ್ಯತೆ ಪಡೆದ ಸಂಸ್ಥೆ" ಎಂಬ ದಪ್ಪಕ್ಷರ! ಎತ್ತಿನ ಸಂತೆಯಲ್ಲಿ ಹಲ್ಲು ಹಿಡಿದು ನೋಡದೆ ಹೋರಿ ಕೊಳ್ಳದ ನಮ್ಮ ರೈತ, ಮಗನ ನಾಲ್ಕು ವರ್ಷಗಳನ್ನು ಕೊಳ್ಳುವಾಗ ಕೊಂಬಿನ ಬಣ್ಣಕ್ಕೆ ಮರುಳಾಗುತ್ತಿದ್ದಾನೆ.

ಉದ್ಯೋಗದ ಮಾತೂ ಹಾಗೆಯೇ. ಹೆದ್ದಾರಿಯ ಫಲಕದ ಮೇಲೆ ಕಾಣುವ ಅತ್ಯಧಿಕ ಸಂಬಳ ಒಬ್ಬ ವಿದ್ಯಾರ್ಥಿಯದು. ನಿಮ್ಮ ಮಗ ಆ ಒಬ್ಬನಲ್ಲ. ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಶ್ರೇಯಾಂಕಕ್ಕೆ ಸಂಸ್ಥೆಗಳು ಸಲ್ಲಿಸುವ ವಿವರದಲ್ಲಿ ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಾಲಿನ ನಡುವೆ ನಿಂತವನ ಸಂಬಳವೆಷ್ಟು ಎಂಬುದಿರುತ್ತದೆ. ಓದಬೇಕಾದದ್ದು ಅದನ್ನು.

ಇನ್ನು ವಿಭಾಗದ ಆಯ್ಕೆ. ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಬದುಕೇ ಮುಗಿಯಿತೆಂಬ ಭೀತಿಯೇ ಎಷ್ಟೋ ಮಂದಿಯನ್ನು ದುಬಾರಿ ಸೀಟಿನತ್ತ ಓಡಿಸುತ್ತಿದೆ. ಹತ್ತಿರದ ಹಳೆಯ ಕಾಲೇಜಿನಲ್ಲಿ ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಖಾಲಿ ಉಳಿಯುತ್ತವೆ; ಅಲ್ಲಿಯ ಪ್ರಯೋಗಶಾಲೆಯಲ್ಲಿ ನಲವತ್ತು ವರ್ಷಗಳಿಂದ ಕೂಡಿಸಿದ ಯಂತ್ರಗಳು ಧೂಳು ತಿನ್ನುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದನ್ನು ರಾಯಚೂರು, ಕೊಪ್ಪಳ, ಬಳ್ಳಾರಿಯ ಯಾವ ರೈತನೂ ಮರೆತಿರಲಾರ. ತುಂಬಿದ ಜಲಾಶಯದಿಂದ ನೀರು ಧುಮ್ಮಿಕ್ಕುತ್ತಿರುವಾಗಲೇ ಅಡ್ಡಫಲಕಗಳನ್ನು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದ ಕಾರ್ಯಕ್ಕೆ ಮಾರ್ಗದರ್ಶನ ಮಾಡಿದವರು ಕನ್ನಯ್ಯ ನಾಯ್ಡು ಎಂಬ ನಿವೃತ್ತ, ವಯೋವೃದ್ಧ ಇಂಜಿನಿಯರು. ಅಂಥ ಸಂಕಟದಲ್ಲಿ ನಿವೃತ್ತರನ್ನು ಕರೆಸಬೇಕಾಯಿತೆಂಬುದನ್ನು ಆ ಆಯಕಟ್ಟಿನ ಪಾಲಕರು ಒಂದು ಗಳಿಗೆ ಯೋಚಿಸಬೇಡವೇ? 1953ರ ಅಣೆಕಟ್ಟೆಯ ಉಳಿದ ಗೇಟುಗಳ ಬಳಿಗೆ ಮುಂದೆ ಹೋಗುವವರು ಯಾವ ತರಗತಿಯಲ್ಲಿ ಕುಳಿತಿದ್ದಾರೆ? ಎಲ್ಲರೂ ಸಿವಿಲ್ ಓದಲೆಂದು ನಾವು ಹೇಳುತ್ತಿಲ್ಲ. ಮಗನಿಗೆ ಯಂತ್ರದಲ್ಲಿ ಮನಸ್ಸಿದ್ದರೆ, ಐವತ್ತು ಅರವತ್ತು ವರ್ಷಗಳ ಅನುಭವವಿರುವ ಸಮೀಪದ ಮೆಕ್ಯಾನಿಕಲ್ ವಿಭಾಗವನ್ನು ಬಿಟ್ಟು, ನಿನ್ನೆ ತೆರೆದ ದತ್ತಾಂಶ ವಿಜ್ಞಾನದ ತರಗತಿಗಾಗಿ ಭೂಮಿ ಮಾರಬೇಡಿ ಎನ್ನುತ್ತಿದ್ದೇವೆ. ಕಲ್ಯಾಣ ಕರ್ನಾಟಕದವರಿಗಂತೂ ಸಂವಿಧಾನದ 371 ಜೆ ವಿಧಿಯಂತೆ ಆ ಭಾಗದ ಸಂಸ್ಥೆಗಳಲ್ಲಿ ಶೇಕಡಾ 70, ಉಳಿದೆಡೆ ಶೇಕಡಾ 8 ಮೀಸಲಾತಿಯಿದೆ. ಆ ಹಕ್ಕನ್ನು ಬದಿಗಿಟ್ಟು ಆಡಳಿತ ಮಂಡಳಿಯ ಸೀಟಿಗೆ ಕೈಯೊಡ್ಡುವುದು ಅವಿವೇಕ.

ಆಡಳಿತ ಮಂಡಳಿಯ ಸೀಟಿನ ಮಾತು ಬಂದ ಮೇಲೆ ನಮ್ಮ ಮನೆಯಂಗಳವನ್ನು ಗುಡಿಸದೆ ಮುಂದೆ ಹೋಗುವಂತಿಲ್ಲ. ವಂತಿಗೆ ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1984ರಲ್ಲೇ ಮಾಡಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ, ಅದೂ ನಮ್ಮ ರಾಜ್ಯದಿಂದಲೇ ಹೋದ ವ್ಯಾಜ್ಯದಲ್ಲಿ, ವಂತಿಗೆಯು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಆಮೇಲೆ ವಂತಿಗೆ ನಿಂತಿತೇ? ಹೆಸರು ಬದಲಿಸಿಕೊಂಡು ಕಟ್ಟಡ ನಿಧಿಯಾಯಿತು, ಅಭಿವೃದ್ಧಿ ಶುಲ್ಕವಾಯಿತು, ಕೆಲವೆಡೆ ಭಕ್ತಿಕಾಣಿಕೆಯೂ ಆಯಿತು. ಒಂದು ಅಂಗಳದಲ್ಲಿ ಸಾವಿರಾರು ಬಡ ಮಕ್ಕಳಿಗೆ ಪ್ರಸಾದ ನಿಲಯ, ಗೋಡೆಯಾಚೆಯ ಅಂಗಳದಲ್ಲಿ ಸೀಟಿನ ಹರಾಜು: ಇವೆರಡೂ ಒಂದೇ ಮಠದ ಹೆಸರಿನಲ್ಲಿ ನಡೆಯುವುದಾದರೆ ದಾಸೋಹವೆಂಬ ಶಬ್ದಕ್ಕೆ ಅರ್ಥವೇನು ಉಳಿಯಿತು? ಆ ಕಾಲದ ಪೂಜ್ಯರು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ, ಜೋಳದ ಚೀಲ ಬೇಡಿ ಶಾಲೆ ಕಟ್ಟಿದರು. ಜೋಳ ಕೊಟ್ಟವನ ಮೊಮ್ಮಗನಿಂದ ಇಂದು ಹೊಲವನ್ನೇ ಬೇಡುವ ಸ್ಥಿತಿ ಬಂದಿದ್ದರೆ ಮಠಾಧಿಪತಿಗಳೆನಿಸಿಕೊಂಡ ನಾವು ಯಾವ ಮುಖದಿಂದ ಪೀಠದಲ್ಲಿ ಕುಳಿತುಕೊಳ್ಳಬೇಕು?

"ಅದು ನಮ್ಮವರ ಸಂಸ್ಥೆ" ಎಂಬ ಮಾತೂ ಇಲ್ಲಿ ಸಲ್ಲದು. ನಮ್ಮವರದೆಂದು ಸೇರಿಸುವುದಾಗಲಿ, ಪರರದೆಂದು ಬಿಡುವುದಾಗಲಿ ವಿದ್ಯೆಗೆ ಸಂಬಂಧಿಸಿದ್ದಲ್ಲ. ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದರೂ ಅದನ್ನು ಬಿಟ್ಟು ಮಠದ ಕಾಲೇಜಿಗೆ ಬಂದರೆ ಸ್ವಾಮಿಗಳಿಗೆ ಸಂತೋಷವೆಂದು ಭಾವಿಸಿದವರಿದ್ದಾರೆ. ನಮಗೆ ಸಂತೋಷವಿಲ್ಲ.

ಮಠಗಳೂ ಸಮಾಜದ ಸಂಘಗಳೂ ನಡೆಸುವ ಎಲ್ಲ ಇಂಜಿನಿಯರಿಂಗ್ ಕಾಲೇಜುಗಳು ಮತ್ತು ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳ ಮುಂದೆ ಒಂದು ಬೇಡಿಕೆಯನ್ನು ಇಡುತ್ತೇವೆ. ಪ್ರವೇಶ ಪ್ರಾಧಿಕಾರದಲ್ಲಿ ವಿದ್ಯಾರ್ಥಿಗಳು ಆದ್ಯತಾ ಪಟ್ಟಿ ತುಂಬುವ ಮುನ್ನವೇ ಪ್ರತಿಯೊಂದು ವಿಭಾಗದ ಕಾಯಂ ಅಧ್ಯಾಪಕರ ಹೆಸರುಗಳನ್ನೂ, ಎನ್.ಬಿ.ಎ. ಮಾನ್ಯತೆ ಯಾವ ವರ್ಷದವರೆಗೆ ಎಂಬುದನ್ನೂ, ಆಡಳಿತ ಮಂಡಳಿಯ ಸೀಟಿನ ಶುಲ್ಕವನ್ನು ನಾಲ್ಕು ವರ್ಷಗಳಿಗೂ ಸೇರಿಸಿದ ಮೊತ್ತದಲ್ಲಿಯೂ ಕನ್ನಡದಲ್ಲಿ ಬರೆದು ಮಹಾದ್ವಾರದ ಫಲಕದ ಮೇಲೆ ಹಾಕಬೇಕು. ಇಲ್ಲಿ ಗುಟ್ಟಿನ ಸಂಗತಿ ಒಂದೂ ಇಲ್ಲ. ಹಾಗಿದ್ದೂ ಇದುವರೆಗೆ ಎಷ್ಟು ದ್ವಾರಗಳ ಮೇಲೆ ಅಂಥ ಫಲಕ ಬಿದ್ದಿದೆ, ಬೀಳದಿರಲು ಕಾರಣವೇನು ಎಂಬುದಕ್ಕೆ ಆಯಾ ಮಂಡಳಿಗಳೇ ಉತ್ತರ ಹೇಳಲಿ.