ಪೊರಕೆ ಹಿಡಿಯದವರ ವಾದ

ಮನೆಯ ಸ್ವಚ್ಛತೆಯ ಕುರಿತು ನಮ್ಮ ಕುಟುಂಬಗಳಲ್ಲಿ ಎರಡು ವಾದಗಳು ಎದುರುಬದುರಾಗಿ ನಿಂತಿವೆ. ಪುಂಜಾಲಕಟ್ಟೆಯ ಆಸುಪಾಸಿನಲ್ಲಿ ಮಳೆಗಾಲ ಬಂತೆಂದರೆ ಅಂಗಳ ಪಾಚಿಗಟ್ಟುತ್ತದೆ, ಕೆಮ್ಮಣ್ಣು ಕಾಲಿಗಂಟಿ ಒಳಕೋಣೆಯವರೆಗೂ ಬರುತ್ತದೆ. ಬೇಸಿಗೆಯಲ್ಲಿ ಧೂಳು ಹೆಚ್ಚುತ್ತದೆ, ಬಾವಿಯ ನೀರು ಇಳಿಯುತ್ತದೆ. ಹೀಗಾಗಿ ಈ ಚರ್ಚೆಗೆ ವರ್ಷವಿಡೀ ಬಿಡುವಿಲ್ಲ. ರಮಝಾನ್ ಸಮೀಪಿಸಿದಾಗಲಂತೂ ಅದು ಕಾವೇರುತ್ತದೆ.

ಒಂದು ಪಕ್ಷ ಹೇಳುತ್ತದೆ: ಶುದ್ಧಿಯನ್ನು ಈಮಾನಿನ ಅರ್ಧಾಂಶವೆಂದು ಪ್ರವಾದಿ(ಸ) ಕಲಿಸಿದ್ದಾರೆ, ಸಹೀಹ್ ಮುಸ್ಲಿಮಿನಲ್ಲಿ ಅದು ವರದಿಯಾಗಿದೆ. ಆದುದರಿಂದ ಮನೆಯನ್ನು ದಿನವೂ ಗುಡಿಸಿ, ಒರೆಸಿ, ತೊಳೆಯಲೇಬೇಕು. ಇನ್ನೊಂದು ಪಕ್ಷದ ಉತ್ತರ: ಧೂಳು, ಜೇಡರ ಬಲೆ, ಚೆಲ್ಲಿದ ಚಹಾ ಇವು ಯಾವುವೂ ನಜಸ್ ಅಲ್ಲ. ಶರೀಅತ್ ಹಗುರಗೊಳಿಸಿದ್ದನ್ನು ನಾವೇಕೆ ಭಾರ ಮಾಡಬೇಕು?

ಎರಡರಲ್ಲೂ ಹುರುಳಿದೆ. ಮಸೀದಿಯೊಳಗೆ ಮೂತ್ರ ಮಾಡಿದ ಗ್ರಾಮೀಣ ಅರಬನನ್ನು ಪ್ರವಾದಿ(ಸ) ಗದರಿಸಲು ಬಿಡಲಿಲ್ಲ. ಆ ಜಾಗಕ್ಕೆ ಒಂದು ಬಕೆಟಿನಷ್ಟು ನೀರು ಸುರಿಯಲು ಹೇಳಿದರು, ವಿಷಯ ಅಲ್ಲಿಗೆ ಮುಗಿಯಿತು. ಅವರು ವುಝೂ ಮಾಡುತ್ತಿದ್ದುದು ಒಂದು ಮುದ್ದ್ ನೀರಿನಲ್ಲಿ. ಶಾಫಿಈ ಲೆಕ್ಕದಲ್ಲಿ ಅದು ಒಂದು ಲೀಟರಿಗೂ ಕಡಿಮೆ. ಹೊರಗಿನ ಶುದ್ಧಿಯ ಗೀಳಿನಲ್ಲಿ ಹೃದಯದ ಕೊಳೆಯನ್ನು ಮರೆಯುವವರನ್ನು ಇಮಾಮ್ ಗಝ್ಝಾಲಿ ತಮ್ಮ ‘ಇಹ್ಯಾ’ದಲ್ಲಿ ತೀಕ್ಷ್ಣವಾಗಿ ಎಚ್ಚರಿಸಿದ್ದಾರೆ. ಬೇಸಿಗೆಯಲ್ಲಿ ನೆರೆಮನೆಯವರು ಕೊಡ ಹಿಡಿದು ನಿಂತಿರುವಾಗ ನಾವು ಅಂಗಳಕ್ಕೆ ಪೈಪು ಹಿಡಿಯುವುದು ಶುದ್ಧಿಯಲ್ಲ, ಇಸ್ರಾಫ್.

ಆದರೆ ‘ನಜಸ್ ಅಲ್ಲ’ ಎಂಬ ಮಾತು ಎಲ್ಲದಕ್ಕೂ ಉತ್ತರವಾಗದು. ತೋಟದ ತೆಂಗಿನ ಚಿಪ್ಪಿನಲ್ಲಿ, ಅಡಿಕೆ ಹಾಳೆಯಲ್ಲಿ, ರಬ್ಬರಿನ ಕಪ್ಪಿನಲ್ಲಿ ನಿಂತ ಮಳೆನೀರು ಫಿಕ್ಹ್‌ನ ದೃಷ್ಟಿಯಲ್ಲಿ ಶುದ್ಧವೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದೂ ಅಂತಹ ತಿಳಿನೀರಿನಲ್ಲಿಯೇ. ವಾರ, ಹತ್ತು ದಿನಗಳಲ್ಲಿ ಹೊಸ ಸೊಳ್ಳೆ ಹಾರುತ್ತದೆ. ದಾರಿಯಲ್ಲಿರುವ ಮುಳ್ಳನ್ನು ಸರಿಸುವುದು ಈಮಾನಿನ ಶಾಖೆಯಾಗಿದ್ದರೆ, ನೆರೆಯವನ ಮಗುವಿಗೆ ಜ್ವರ ತರುವ ಈ ನೀರನ್ನು ಚೆಲ್ಲುವುದು ಅದಕ್ಕಿಂತ ಕಡಿಮೆಯೇ?

ಹಾಗಾದರೆ ಎರಡೂ ವಾದಗಳು ಸಂಧಿಸುವ ಬಿಂದು ಇಲ್ಲಿದೆ: ನಜಸನ್ನು ತೊಳೆಯಲೇಬೇಕು, ಹಾನಿಯನ್ನು ನಿವಾರಿಸಲೇಬೇಕು, ಅತಿರೇಕವನ್ನು ಬಿಡಲೇಬೇಕು. ಇದನ್ನು ಯಾವ ಪಕ್ಷವೂ ಅಲ್ಲಗಳೆಯದು.

ಆದರೆ ಇವೆರಡೂ ಮೌನವಾಗಿ ಒಪ್ಪಿಕೊಂಡಿರುವ ಇನ್ನೊಂದು ಸಂಗತಿಯಿದೆ; ನಮ್ಮ ತಕರಾರು ಇರುವುದು ಅದರೊಡನೆ. ಗುಡಿಸುವವರು ಯಾರು? ವಾದ ಮಾಡುವವರು ಕುರ್ಚಿಯಲ್ಲಿದ್ದಾರೆ. ತೊಳೆಯಬೇಕೆಂದು ತೀರ್ಮಾನವಾದರೆ ಬೆನ್ನು ಬಾಗುವುದು ತಾಯಿಯದು, ಸೊಸೆಯದು. ತೊಳೆಯಬೇಕಿಲ್ಲವೆಂದು ತೀರ್ಮಾನವಾದರೆ ನೆಂಟರೆದುರು ತಲೆ ಬಾಗುವುದೂ ಅವರದೇ.

ಕರಾವಳಿಯ ನಮ್ಮಲ್ಲಿ ಬಹುಪಾಲು ಮಂದಿ ಅನುಸರಿಸುವುದು ಶಾಫಿಈ ಮದ್‌ಹಬನ್ನು. ಆ ಮದ್‌ಹಬಿನ ಪ್ರಸಿದ್ಧ ಅಭಿಪ್ರಾಯದಂತೆ ಮನೆಗೆಲಸವು ಪತ್ನಿಯ ಮೇಲೆ ಕಾನೂನುಬದ್ಧ ಕಡ್ಡಾಯವಲ್ಲ. ಊರಿನ ವಾಡಿಕೆಯನ್ನು ಆಧರಿಸಿ ಬೇರೆ ರೀತಿ ಹೇಳಿದ ವಿದ್ವಾಂಸರೂ ಇದ್ದಾರೆ. ಆದರೆ ಅವರಾರೂ ಪುರುಷನ ಕೈಯಿಂದ ಪೊರಕೆ ಕಸಿದುಕೊಂಡಿಲ್ಲ. ಬೀಸುಕಲ್ಲಿನಿಂದ ಜಡ್ಡುಗಟ್ಟಿದ ಫಾತಿಮಾ(ರ) ಅವರ ಕೈಗಳನ್ನು ಕೆಲವರು ಎದುರುತ್ತರವಾಗಿ ತೋರಿಸುತ್ತಾರೆ. ಆ ಪ್ರಸಂಗ ಅವರ ಸಹನೆಗೆ ಸಾಕ್ಷಿಯೇ ಹೊರತು ನಮ್ಮ ಸೋಮಾರಿತನಕ್ಕೆ ಪರವಾನಗಿಯಲ್ಲ. ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಆಇಶಾ(ರ) ಕೊಟ್ಟ ಉತ್ತರ ಸಹೀಹ್ ಬುಖಾರಿಯಲ್ಲಿದೆ: ಅವರು ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು.

ಈ ಸುನ್ನತ್ತನ್ನು ಮಿಂಬರಿನ ಮೇಲೆ ಕೇಳಿ ಮನೆಯ ಹೊಸ್ತಿಲಲ್ಲಿ ಬಿಟ್ಟುಬರುವ ನಾವು, ಈಮಾನಿನ ಅರ್ಧಾಂಶವನ್ನು ಹೆಂಗಸರ ಪಾಲಿಗೆ ಬರೆದುಕೊಟ್ಟು ಪ್ರತಿಫಲವನ್ನು ಯಾವ ಮುಖದಿಂದ ನಿರೀಕ್ಷಿಸೋಣ? ಮನೆಯನ್ನು ಎಷ್ಟು ತೊಳೆಯಬೇಕೆಂಬುದನ್ನು ತೊಳೆಯುವವರು ನಿರ್ಧರಿಸಲಿ. ತೊಳೆಯುವವರಲ್ಲಿ ತಂದೆಯೂ ಮಗನೂ ಸೇರಲಿ. ಹತ್ತು ವರ್ಷದ ಮಗ ತಾನು ಉಂಡ ತಟ್ಟೆಯನ್ನು ತೊಳೆದಿಡುವುದನ್ನು ಕಲಿಯಲಿ. ಶುಕ್ರವಾರದ ಸ್ನಾನಕ್ಕೆ ಮುನ್ನ ಗಂಡಸರು ತೋಟ ಸುತ್ತಿ, ನಿಂತ ನೀರನ್ನು ಚೆಲ್ಲಿ ಬರಲಿ. ಪೊರಕೆ ಎಲ್ಲರ ಕೈಗೂ ಬಂದ ದಿನ ಈ ವಾದದ ಅರ್ಧಭಾಗ ತಾನಾಗಿಯೇ ಅಡಗುತ್ತದೆ. ಏಕೆಂದರೆ ಬೆನ್ನು ನೋಯುವವನು ಅತಿರೇಕವನ್ನು ಬೋಧಿಸುವುದಿಲ್ಲ, ಕೊಳೆಯನ್ನು ಕಂಡವನು ಉದಾಸೀನವನ್ನು ಸಮರ್ಥಿಸುವುದಿಲ್ಲ.

ಅಲ್ಲಾಹನು ನಮ್ಮ ಮನೆಗಳನ್ನೂ ಮನಸ್ಸುಗಳನ್ನೂ ಶುದ್ಧಗೊಳಿಸಲಿ. ಆಮೀನ್.