ರನ್‌ವೇ ಬರಲಿ, ಮೊದಲ ನಮ್ಮವರ ಲೆಕ್ಕ ಆಗಲಿ



ಕೃಷ್ಣಾ ದಂಡಿ ಯಡೂರಾಗ ಕುಂತು ಬೆಂಗಳೂರಿನ ರನ್‌ವೇ ಮಾತು ಯಾಕ ಅಂತ ಕೇಳಬಹುದು. ಯಾಕಂದ್ರ ಉತಾರದಾಗ ಹೆಸರಿಲ್ಲದವರ ಗತಿ ಎರಡೂ ಕಡೆ ಒಂದ ಐತಿ. 2019ರಾಗ ಹೊಳಿ ಬಂದು ಕಬ್ಬು ಮುಳುಗಿತು. ಬೆಳೆ ಪರಿಹಾರ ಹೊಲದ ಮಾಲಕರಿಗೆ. ಅದೇ ಕಬ್ಬಿನ್ಯಾಗ ಕಳೆ ತೆಗೆದು ಬದುಕೋ ನಮ್ಮ ಕೇರಿಯವರ ಕೂಲಿ ಹೋದದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.

ಈಗ ಬೆಂಗಳೂರು ನೋಡ್ರಿ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2008ರಲ್ಲಿ ಒಂದು ರನ್‌ವೇ, 2019ರ ಡಿಸೆಂಬರ್‌ನಲ್ಲಿ ಇನ್ನೊಂದು. ಒಂದೊಂದೂ 4 ಕಿಲೋಮೀಟರ್ ಉದ್ದ. ವರ್ಷಕ್ಕೆ 4 ಕೋಟಿಗೂ ಹೆಚ್ಚು ಪ್ರಯಾಣಿಕರು. ಇದೂ ಸಾಲದು ಅಂತ ಎರಡನೇ ನಿಲ್ದಾಣಕ್ಕೆ ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ-ಕುಣಿಗಲ್ ರಸ್ತೆಯಲ್ಲಿ ಒಂದು ಜಾಗ ಗುರುತಿಸಿದಾರೆ. 2025ರ ಏಪ್ರಿಲ್‌ನಲ್ಲಿ ಕೇಂದ್ರದ ತಂಡ ಬಂದು ನೋಡಿಕೊಂಡೂ ಹೋಗಿದೆ.

ರನ್‌ವೇ ಒಂದೇ ಬರೋದಿಲ್ರಿ. ಅದರ ಬೆನ್ನಿಗೆ ಕಾರ್ಖಾನೆ, ಹೋಟೆಲ್, ಲೇಔಟ್ ಬರ್ತಾವ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಮೇಲೆ ಏರೋಸ್ಪೇಸ್ ಪಾರ್ಕಿನ ಕಣ್ಣು ಬಿದ್ದದ್ದು ಹಿಂಗ. ಜನ 2022ರ ಏಪ್ರಿಲ್‌ನಿಂದ ಮೂರು ವರ್ಷ ಹೋರಾಡಿದ ಮೇಲೆ, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟೀವಿ ಅಂದರು. ದೊಡ್ಡ ಗೆಲುವು. ಆದರ ಪ್ರತಿ ಊರೂ ಮೂರು ವರ್ಷ ಧರಣಿ ಕುಂಡ್ರಬೇಕೇನು?

ಕಾನೂನು ಐತಿ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ, ಜಮೀನಿಲ್ಲದಿದ್ದರೂ ಅಲ್ಲೇ ಮೂರು ವರ್ಷ ಕೂಲಿ ಮಾಡಿ ಬದುಕಿದ ಕುಟುಂಬವೂ 'ಬಾಧಿತ ಕುಟುಂಬ'. ಭೂಮಿ ಕಳೆದುಕೊಳ್ಳೋ ಪರಿಶಿಷ್ಟರಿಗೆ ಹಣದ ಜೊತೆ ಭೂಮಿಯನ್ನೂ ಕೊಡಬೇಕು: ಕಳೆದುಕೊಂಡಷ್ಟು ಅಥವಾ ಎರಡೂವರೆ ಎಕರೆ, ಯಾವುದು ಕಡಿಮೆಯೋ ಅಷ್ಟು. ಆದರ ಚನ್ನರಾಯಪಟ್ಟಣಕ್ಕೆ ನೋಟಿಸ್ ಬಂದದ್ದು 1966ರ ಕೆಐಎಡಿಬಿ ಕಾಯ್ದೆಯಡಿ.

ಇನ್ನೊಂದು ಮಾತು. ನಮಗ ಮಂಜೂರಾದ ಜಮೀನು ಮಾರಬೇಕಂದ್ರ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಬೇಕು. ನಮ್ಮ ಭೂಮಿ ನಮ್ಮ ಕೈಯಾಗ ಉಳೀಲಿ ಅಂತ ಮಾಡಿದ ಕಾಯ್ದೆ ಅದು, ಒಳ್ಳೇದು. ಆದರ ಅದೇ ಜಮೀನು ಸರ್ಕಾರಕ್ಕ ಬೇಕಾದಾಗ ನಮ್ಮ ಅನುಮತಿ ಯಾರು ಕೇಳ್ತಾರ?

ನಾವು ವಿಮಾನಕ್ಕ ವಿರೋಧಿಗಳಲ್ಲ. ನಮ್ಮ ಹುಡುಗರೂ ವಿಮಾನ ಹತ್ತಲಿ, ಹಾರಿಸಲಿ. ಕೇಳೋದು ಮೂರೇ:

ಒಂದು, ಜಾಗ ಅಂತಿಮ ಮಾಡೋ ಮೊದಲ ಭೂಹೀನ ದಲಿತ ಕುಟುಂಬಗಳನ್ನ ಮನೆಮನೆಗೆ ಹೋಗಿ ಎಣಿಸ್ರಿ, ಪಟ್ಟಿ ಗ್ರಾಮಸಭೆಯಾಗ ಓದ್ರಿ.
ಎರಡು, ಸ್ವಾಧೀನ 2013ರ ಕಾಯ್ದೆಯಡಿಯೇ ಆಗಲಿ.
ಮೂರು, ಭೂಮಿಗೆ ಭೂಮಿ ಕೊಡ್ರಿ.

ನೆಲಮಂಗಲ, ಕನಕಪುರ ಕಡೆಯ ಸಂಗಾತಿಗಳೇ, ನೋಟಿಸ್ ಬರೋತನಕ ಕಾಯಬ್ಯಾಡ್ರಿ. ನಿಮ್ಮ ಕೇರಿಯ ಪಟ್ಟಿ ಇವತ್ತೇ ನೀವೇ ಬರೀರಿ. ಲೆಕ್ಕದಾಗ ಇಲ್ಲದವರಿಗೆ ಪರಿಹಾರ ಇಲ್ಲ.

ಜೈ ಭೀಮ್.